50 ಮಿಲಿಲೀಟರ್ ಸಮುದ್ರ

ಬಿ.ಎಸ್‌ಸಿ. ಮೊದಲ ವರ್ಷದ ಜುಲೈ. ಸಮುದ್ರದ ನೀರಿನ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ಶುದ್ಧ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಎಂಬುದನ್ನು, ಅಳೆಯುವ ಪ್ರಯೋಗಕ್ಕೆ ನೀರು ತರಲು ಸರ್ ನಮಗೇ ಹೇಳಿದ್ದರು. ಕಾರವಾರದ ಹುಡುಗರಿಗೆ ಅದೇನು ದೊಡ್ಡ ಕೆಲಸ! ಕಾಲೇಜಿಗೆ ಬರುವ ದಾರಿಯಲ್ಲಿ, ಕೋಡಿಬಾಗದ ಹತ್ತಿರ ಕಾಳಿ ನದಿ ಕಡಲು ಸೇರುವಲ್ಲಿ ಬಾಟಲಿ ಅದ್ದಿ ತಂದೆ.

ಪ್ರಯೋಗಕ್ಕೆ ಬೇಕಾದದ್ದು 50 ಮಿ.ಲೀ. ಗಾಜಿನ ಸಾಂದ್ರತಾ ಬಾಟಲಿ ಮತ್ತು ತಕ್ಕಡಿ. ಬಾಟಲಿಯ ಬಿರಡೆಯ ನಡುವೆ ಒಂದು ಸಣ್ಣ ರಂಧ್ರ. ಬಿರಡೆ ಒತ್ತಿದಾಗ ಹೆಚ್ಚಾದ ನೀರು ಅದರಿಂದ ಉಕ್ಕಿಹೋಗಿ, ಪ್ರತಿ ಸಲವೂ ಒಳಗೆ ಅಷ್ಟೇ ಗಾತ್ರ ಉಳಿಯುತ್ತದೆ. ಸಿಹಿನೀರಿಗೂ ಕಡಲ ನೀರಿಗೂ ಈ ಬಾಟಲಿಯಲ್ಲಿ ತೂಕದ ವ್ಯತ್ಯಾಸ ಒಂದೂಕಾಲು ಗ್ರಾಂ ಆಸುಪಾಸು. ಗಾಜಿಗೆ ಅಂಟಿದ 0.1 ಮಿ.ಲೀ.ನ ಒಂದು ಗಾಳಿಗುಳ್ಳೆ ಅದರಲ್ಲಿ ಹನ್ನೆರಡರ ಒಂದು ಪಾಲನ್ನು ನುಂಗಿಬಿಡುತ್ತದೆ.

ಸರ್ ತುಂಬಿದ ಬಾಟಲಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. ನೋಡುತ್ತಿದ್ದಂತೆ ಬಿರಡೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹನಿ ಮೂಡಿತು, ದಪ್ಪವಾಯಿತು, ಜಾರಿತು. ನೀರು 28 ಡಿಗ್ರಿಯಿಂದ 33ಕ್ಕೆ ಏರಿದರೆ ಹೀಗೆ ಹೊರಬೀಳುವುದು ಸುಮಾರು 0.08 ಗ್ರಾಂ. "ಕುತ್ತಿಗೆ ಹಿಡಿಯಿರಿ, ಹೊಟ್ಟೆ ಹಿಡಿಯಬೇಡಿ" ಎಂದರು. ಇಂದಿಗೂ ಗಾಜಿನ ಪಾತ್ರೆ ಎತ್ತುವಾಗ ನನ್ನ ಬೆರಳು ತಾನಾಗಿ ಕುತ್ತಿಗೆಗೇ ಹೋಗುತ್ತದೆ.

ನನಗೆ ಬಂದ ಉತ್ತರ 1.006. ಪುಸ್ತಕದಲ್ಲಿದ್ದದ್ದು 1.025. ಜರ್ನಲ್‌ನಲ್ಲಿ ಬರೆದದ್ದನ್ನು ಅಳಿಸಲು ರಬ್ಬರ್ ತೆಗೆದಿದ್ದೆ. ಸರ್ ಕೈ ಹಿಡಿದು ನಿಲ್ಲಿಸಿ, ಮತ್ತೆ ತೂಗಿಸಿದರು: 1.007, 1.006. ಉತ್ತರಗಳು ಒಂದಕ್ಕೊಂದು ಹತ್ತಿರ ಬಂದ ಮಾತ್ರಕ್ಕೆ ಸರಿಯೆಂದಲ್ಲ, ತಕ್ಕಡಿಯೇ ತಪ್ಪಿದ್ದರೆ ಮೂರೂ ಸಲ ಅದೇ ತಪ್ಪು ಬರುತ್ತದೆ ಎಂದು ಬೇರೆ ತಕ್ಕಡಿ ಕೊಟ್ಟರು. ಅಲ್ಲಿಯೂ 1.006.

"ನೀರು ಎಲ್ಲಿಯದು?"

ಹೇಳಿದೆ. ಅವರು ಕಿಟಕಿಯತ್ತ ನೋಡಿದರು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಘಟ್ಟದ ಮಳೆಯನ್ನೆಲ್ಲ ಕಾಳಿ ಹೊತ್ತು ತರುವ ತಿಂಗಳದು. ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ಹಾಸಿಕೊಂಡು ಹರಿಯುತ್ತದೆ. ನಾನು ಬಾಟಲಿ ಅದ್ದಿದ್ದು ಆ ಹಾಸಿನಲ್ಲಿ. ನನ್ನ ತೂಕ ಸರಿಯಾಗಿತ್ತು. ಅದಕ್ಕೆ 'ಸಮುದ್ರದ ನೀರು' ಎಂದು ಚೀಟಿ ಅಂಟಿಸಿದ್ದು ತಪ್ಪಾಗಿತ್ತು.

ಡಿಸೆಂಬರಿನಲ್ಲಿ, ಉಬ್ಬರದ ಹೊತ್ತಿನಲ್ಲಿ, ಅದೇ ಜಾಗದಿಂದ ಮತ್ತೆ ನೀರು ತಂದು ತೂಗಿದೆ: 1.022. ಆ ಜರ್ನಲ್ ಇನ್ನೂ ನನ್ನ ಬಳಿ ಇದೆ. 1.006ರ ಪಕ್ಕದಲ್ಲಿ ಸರ್ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: "ಅಳಿಸಬೇಡ. ಸ್ಥಳ, ತಿಂಗಳು, ಉಷ್ಣತೆ ಬರೆ."