ಹ್ಯಾನ್‌ಫರ್ಡ್: ನೆಲದಡಿಯ ಟ್ಯಾಂಕುಗಳ ನಾಡಿನಲ್ಲಿ

ಸಿಯಾಟಲ್‌ನಿಂದ ಪೂರ್ವಕ್ಕೆ ಹೊರಟು ಕ್ಯಾಸ್ಕೇಡ್ ಬೆಟ್ಟಸಾಲು ದಾಟಿದರೆ ವಾಷಿಂಗ್ಟನ್ ರಾಜ್ಯದ ಬಣ್ಣವೇ ಬೇರೆ. ಆ ಕಡೆ ಮಳೆ, ದಟ್ಟ ಕಾಡು. ಈ ಕಡೆ ಒಣ ಬಯಲು, ಬೂದುಬಣ್ಣದ ಕುರುಚಲು ಗಿಡ, ಬಿಡದೆ ಬೀಸುವ ಗಾಳಿ. ಯಾಕಿಮಾ ಕಣಿವೆಯಲ್ಲಿ ನೀರಾವರಿ ಇರುವ ಕಡೆ ಮಾತ್ರ ಸೇಬು, ದ್ರಾಕ್ಷಿ ತೋಟಗಳು. 2019ರ ಸೆಪ್ಟೆಂಬರ್‌ನಲ್ಲಿ ಅಣ್ಣನ ಮನೆಗೆ ಹೋಗಿದ್ದಾಗ, ಅಮೆರಿಕದ ಅಣುಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸಿದ ಹ್ಯಾನ್‌ಫರ್ಡ್ ನೋಡಲು ಈ ದಾರಿ ಹಿಡಿದೆವು. "ಎಲ್ರೂ ಮೌಂಟ್ ರೇನಿಯರ್ ನೋಡ್ಬೇಕು ಅಂತಾರೆ. ನೀನೇನೇ, ಹಳೇ ರಿಯಾಕ್ಟರ್ ನೋಡ್ಬೇಕು ಅಂತೀಯ" ಅಂದ ಅಣ್ಣ. ಆದರೂ ಟೂರ್ ಬುಕ್ ಮಾಡಿದ್ದು ಅವನೇ.

ರಿಚ್‌ಲ್ಯಾಂಡ್ ಎಂಬ ಊರಿನಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ದುಡ್ಡು ಕೊಡಬೇಕಿಲ್ಲ. ಊರಿನ ಅಂಚು ದಾಟಿದ ಮೇಲೆ ಮನೆಗಳೇ ಇಲ್ಲ. ಹ್ಯಾನ್‌ಫರ್ಡ್ ಆವರಣದ ವಿಸ್ತಾರ ಸುಮಾರು 1,500 ಚದರ ಕಿಲೋಮೀಟರ್. ಕೊಲಂಬಿಯಾ ನದಿ ಇದನ್ನು ಬಳಸಿಕೊಂಡು ಹರಿಯುತ್ತದೆ. ಹಿಂದೆ ಇದು ಖಾಲಿ ಜಾಗವಾಗಿರಲಿಲ್ಲ. ಹ್ಯಾನ್‌ಫರ್ಡ್, ವೈಟ್ ಬ್ಲಫ್ಸ್ ಎಂಬ ಎರಡು ಊರುಗಳಿದ್ದವು. ಹಣ್ಣಿನ ತೋಟ, ಶಾಲೆ, ಬ್ಯಾಂಕು ಎಲ್ಲ ಇತ್ತು. 1943ರಲ್ಲಿ ಸೇನೆಯಿಂದ ಕಾಗದ ಬಂತು: ಯುದ್ಧದ ಕೆಲಸಕ್ಕೆ ಜಾಗ ಬೇಕು, ಬಿಡಿ. ಹಲವರಿಗೆ ಸಿಕ್ಕಿದ್ದು ಒಂದು ತಿಂಗಳ ಗಡುವು. ಕಾರಣ ಏನೆಂದು ಯಾರಿಗೂ ಹೇಳಲಿಲ್ಲ. ಇವತ್ತು ಅಲ್ಲಿ ಉಳಿದಿರುವುದು ಹೈಸ್ಕೂಲಿನ ಗೋಡೆಗಳು, ಒಂದು ಬ್ಯಾಂಕ್ ಕಟ್ಟಡ, ತೋಟದ ಗೋದಾಮು.

ಅವರಿಗಿಂತ ಮುಂಚಿನಿಂದ ಇದ್ದವರು ವನಪಮ್ ಜನ. ಈ ನದಿಯಲ್ಲಿ ಸಾಲ್ಮನ್ ಮೀನು ಹಿಡಿದು ಬದುಕುತ್ತಿದ್ದವರು. ಸರ್ಕಾರದ ಜೊತೆ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ, ಹಾಗಾಗಿ ಕೇಳಲು ಕಾಗದಪತ್ರವೂ ಇರಲಿಲ್ಲ. ಅವರು ಮೀನು ಹಿಡಿಯುತ್ತಿದ್ದ ಜಾಗಗಳೂ ಬೇಲಿಯೊಳಗೆ ಸೇರಿಹೋದವು. ಯಾಕಮಾ, ಉಮಟಿಲ್ಲಾ, ನೆಜ್ ಪರ್ಸ್ ಬುಡಕಟ್ಟುಗಳಿಗೆ 1855ರ ಒಪ್ಪಂದದ ಪ್ರಕಾರ ತಮ್ಮ ಹಳೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕಿದೆ. ಇಲ್ಲಿ ಉಳಿದಿರುವ ವಿಕಿರಣಶೀಲ ತ್ಯಾಜ್ಯದ ಸ್ವಚ್ಛತೆಯ ಬಗ್ಗೆ ಇವತ್ತು ಜೋರಾಗಿ ಕೇಳುವವರಲ್ಲಿ ಅವರೂ ಇದ್ದಾರೆ. ಮೀನು ತಿನ್ನುವವರು ಅವರು, ನೀರು ಹೇಗಿದೆ ಅಂತ ಅವರು ಕೇಳದೆ ಇನ್ಯಾರು ಕೇಳಬೇಕು?

ಬಸ್ಸು ನಿಂತಿದ್ದು ಬಿ ರಿಯಾಕ್ಟರ್ ಮುಂದೆ. ಕಿಟಕಿಗಳೇ ಕಾಣದ ದೊಡ್ಡ ಕಾಂಕ್ರೀಟ್ ಕಟ್ಟಡ. ದೊಡ್ಡ ಪ್ರಮಾಣದಲ್ಲಿ ಪ್ಲುಟೋನಿಯಂ ತಯಾರಿಸಿದ ಜಗತ್ತಿನ ಮೊದಲ ರಿಯಾಕ್ಟರ್ ಇದು. ಒಳಗೆ ಹೋದರೆ ಎದುರಿಗೇ ಗೋಡೆಯಷ್ಟೆತ್ತರದ ಗ್ರಾಫೈಟ್ ರಾಶಿಯ ಮುಖ. ಅದರಲ್ಲಿ ಸಾಲು ಸಾಲಾಗಿ 2,004 ಕೊಳವೆಗಳ ಬಾಯಿ. ಯುರೇನಿಯಂ ತುಂಡುಗಳನ್ನು ಈ ಕಡೆಯಿಂದ ತಳ್ಳಿ, ನ್ಯೂಟ್ರಾನ್ ಎಂಬ ಸೂಕ್ಷ್ಮ ಕಣಗಳ ಹೊಡೆತಕ್ಕೆ ಅವುಗಳಲ್ಲಿ ಚೂರು ಪ್ಲುಟೋನಿಯಂ ಆದ ಮೇಲೆ ಆ ಕಡೆ ನೀರಿನ ತೊಟ್ಟಿಗೆ ಬೀಳಿಸುತ್ತಿದ್ದರು.

ಈ 2,004ರ ಹಿಂದೆ ಒಂದು ಕಥೆ ಇದೆ. ವಿಜ್ಞಾನಿಗಳು ಕೇಳಿದ್ದು 1,500 ಕೊಳವೆ. ಕಟ್ಟಿದ ಡ್ಯುಪಾಂಟ್ ಕಂಪನಿಯ ಇಂಜಿನಿಯರುಗಳು ಇರಲಿ ಅಂತ ಜಾಸ್ತಿ ಹಾಕಿದರು. 1944ರ ಸೆಪ್ಟೆಂಬರ್ 26ರ ರಾತ್ರಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಮುಂದೆ ನಿಂತು ರಿಯಾಕ್ಟರ್ ಶುರು ಮಾಡಿಸಿದರು. ಕೆಲವು ಗಂಟೆ ಚೆನ್ನಾಗಿ ನಡೆದು, ಆಮೇಲೆ ತಾನಾಗಿಯೇ ಇಳಿಯುತ್ತಾ ನಿಂತೇಹೋಯಿತು. ಒಳಗೆ ಹುಟ್ಟುತ್ತಿದ್ದ ಕ್ಸೆನಾನ್-135 ಎಂಬ ಅನಿಲ, ರಿಯಾಕ್ಟರ್ ನಡೆಯಲು ಬೇಕಾದ ನ್ಯೂಟ್ರಾನುಗಳನ್ನು ನುಂಗುತ್ತಿತ್ತು. ಅದನ್ನು ಭೌತವಿಜ್ಞಾನಿ ಜಾನ್ ವೀಲರ್ ಮತ್ತು ಫರ್ಮಿ ಬೇಗ ಪತ್ತೆ ಹಚ್ಚಿದರು. ಮಿಕ್ಕ ಕೊಳವೆಗಳಿಗೂ ಯುರೇನಿಯಂ ತುಂಬಿದ ಮೇಲೆ ರಿಯಾಕ್ಟರ್ ಸರಿಯಾಗಿ ಓಡಿತು. ಆ ತಂಡದಲ್ಲಿದ್ದ ಮಹಿಳಾ ಭೌತವಿಜ್ಞಾನಿ ಲಿಯೋನಾ ವುಡ್ಸ್. ಅವರಿಗಾಗಿಯೇ ಇಲ್ಲಿ ಬೇರೆ ಶೌಚಾಲಯ ಕಟ್ಟಿಸಿದ್ದರಂತೆ.

ಕಂಟ್ರೋಲ್ ರೂಮಿನಲ್ಲಿ ಗೋಡೆ ತುಂಬ ಗೇಜುಗಳು. ಆಪರೇಟರ್ ಕುರ್ಚಿಯಲ್ಲಿ ಕೂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಕೂರಲು ಮನಸ್ಸಾಗಲಿಲ್ಲ. ಹ್ಯಾನ್‌ಫರ್ಡಿನ ಪ್ಲುಟೋನಿಯಂ 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಅಲ್ಲಿ ಸತ್ತವರು ಅಂದಾಜು 70,000 ಜನ. ಇಂಜಿನಿಯರಿಂಗ್ ಬಗ್ಗೆ ಅಷ್ಟೊಂದು ಹೇಳುವ ಕಟ್ಟಡದಲ್ಲಿ ಆ ಜನರ ಬಗ್ಗೆ ಇನ್ನೂ ಜಾಸ್ತಿ ಹೇಳಬೇಕಿತ್ತು ಅಂತ ನನಗೆ ಅನ್ನಿಸಿತು.

ರಿಯಾಕ್ಟರ್ ತಣ್ಣಗಿರಲು ನಿಮಿಷಕ್ಕೆ ಸುಮಾರು 2.8 ಲಕ್ಷ ಲೀಟರ್ ನದಿ ನೀರು ಬೇಕಿತ್ತು. ಕೊಳವೆಗೆ ತುಕ್ಕು ಹಿಡಿಯದಂತೆ ಅದಕ್ಕೆ ಸೋಡಿಯಂ ಡೈಕ್ರೋಮೇಟ್ ಬೆರೆಸುತ್ತಿದ್ದರು. ಹೊರಬಂದ ನೀರನ್ನು ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ನದಿಗೇ ಬಿಡುತ್ತಿದ್ದರು. ಈ ದಡದಲ್ಲಿ ಒಟ್ಟು ಒಂಬತ್ತು ರಿಯಾಕ್ಟರುಗಳಿದ್ದವು, ಅವುಗಳಲ್ಲಿ ಎಂಟು ಹೀಗೆ ನಡೆಯುತ್ತಿದ್ದವು. ಆ ಡೈಕ್ರೋಮೇಟ್‌ನಿಂದ ನೆಲಕ್ಕೆ ಇಂಗಿದ ವಿಷಕಾರಿ ಕ್ರೋಮಿಯಂ ಅಂತರ್ಜಲದ ಜೊತೆ ನದಿಯತ್ತ ಸಾಗುತ್ತದೆ. ನದಿಯ ಈ ಭಾಗದಲ್ಲಿ ಚಿನೂಕ್ ಸಾಲ್ಮನ್ ಮೊಟ್ಟೆ ಇಡುತ್ತವೆ. ಈಗ ಅಂತರ್ಜಲವನ್ನು ಪಂಪಿನಿಂದ ಮೇಲೆತ್ತಿ, ಶುದ್ಧ ಮಾಡಿ ಮತ್ತೆ ನೆಲದೊಳಕ್ಕೆ ಬಿಡುತ್ತಿದ್ದಾರೆ. ಈ ಕೆಲಸ ನಿಜಕ್ಕೂ ಚೆನ್ನಾಗಿ ನಡೆದಿದೆ. ಹೊಗಳಬೇಕಾದದ್ದನ್ನು ಹೊಗಳಲೇಬೇಕು.

ಉಳಿದ ರಿಯಾಕ್ಟರುಗಳಿಗೆ 'ಕಕೂನಿಂಗ್' ಮಾಡುತ್ತಾರೆ. ಸುತ್ತಲಿನ ಕಟ್ಟಡ ಕೆಡವಿ, ನಡುವಿನ ಭಾಗಕ್ಕೆ ಉಕ್ಕಿನ ಹೊದಿಕೆ ಹಾಕಿ, ವಿಕಿರಣ ಇಳಿಯಲಿ ಅಂತ ಸುಮಾರು 75 ವರ್ಷ ಹಾಗೇ ಬಿಡುವುದು. ಬಸ್ಸಿನ ಕಿಟಕಿಯಿಂದ ಅವು ಇಳಿಜಾರು ಛಾವಣಿಯ ದೊಡ್ಡ ಗೋದಾಮುಗಳಂತೆ ಕಂಡವು.

ನಾನು ನೋಡಬೇಕೆಂದಿದ್ದ ಮುಖ್ಯ ಜಾಗವನ್ನು ಮಾತ್ರ ಹತ್ತಿರದಿಂದ ನೋಡಲಾಗಲಿಲ್ಲ. ಸ್ವಚ್ಛತೆ ನಡೆಯುವ ಕಡೆಯ ಟೂರ್ ಆಗ ಅಮೆರಿಕದ ನಾಗರಿಕರಿಗೆ ಮಾತ್ರ ಇತ್ತು. ದೂರದ ದಿಬ್ಬದ ಮೇಲೆ ಕಟ್ಟಡಗಳು, ಕ್ರೇನುಗಳು ಕಂಡವು, ಅಷ್ಟೇ. ಅಲ್ಲಿ ನೆಲದಡಿ 177 ಟ್ಯಾಂಕುಗಳಿವೆ. ರಿಯಾಕ್ಟರಿನಿಂದ ಬಂದ ಯುರೇನಿಯಂ ತುಂಡುಗಳನ್ನು ಆಮ್ಲದಲ್ಲಿ ಕರಗಿಸಿ, ಚೂರು ಪ್ಲುಟೋನಿಯಂ ತೆಗೆದುಕೊಂಡು, ಮಿಕ್ಕಿದ್ದನ್ನೆಲ್ಲ ಈ ಟ್ಯಾಂಕುಗಳಿಗೆ ಸುರಿದರು. ಸ್ಟೇನ್‌ಲೆಸ್ ಸ್ಟೀಲ್ ಬಳಸಲಿಲ್ಲ. ಅದರ ಬದಲು ಆಮ್ಲಕ್ಕೆ ಕ್ಷಾರ ಬೆರೆಸಿ, ಸಾದಾ ಉಕ್ಕು ತಡೆಯುವ ಹಾಗೆ ಮಾಡಿದರು. ಇದರಿಂದ ರಾಶಿ ಇನ್ನೂ ಹೆಚ್ಚಿತು, ತಳದಲ್ಲಿ ಗಸಿ ಕೂತಿತು, ಮೇಲೆ ಉಪ್ಪು ಗಟ್ಟಿಯಾಯಿತು. 149 ಟ್ಯಾಂಕುಗಳಿಗೆ ಒಂದೇ ಪದರದ ಗೋಡೆ. ಅವನ್ನು ಕಟ್ಟಿದ್ದೇ ಕೆಲವು ದಶಕಗಳ ಮಟ್ಟಿಗೆ, ಮುಂದೆ ಏನಾದರೂ ದಾರಿ ಸಿಗುತ್ತದೆ ಎಂಬ ನಂಬಿಕೆಯಲ್ಲಿ. 67 ಟ್ಯಾಂಕುಗಳು ಸೋರಿವೆ ಎಂದು ಲೆಕ್ಕ ಹಾಕಿದ್ದಾರೆ. ಮಣ್ಣಿಗೆ ಹೋಗಿರುವುದು ಸುಮಾರು 38 ಲಕ್ಷ ಲೀಟರ್. ಒಳಗೆ ಇನ್ನೂ ಇರುವುದು ಹೆಚ್ಚುಕಡಿಮೆ 21 ಕೋಟಿ ಲೀಟರ್.

ಆ ದಿನ ನನ್ನನ್ನು ಕಾಡಿದ್ದು ಇದೇ. ಊರು ಬಿಡಿಸಲು ಒಂದು ತಿಂಗಳು ಸಾಕಾಯಿತು. ರಿಯಾಕ್ಟರ್ ಕಟ್ಟಲು ಒಂದು ವರ್ಷ ಸಾಕಾಯಿತು. ಅದೇ ಅವಸರದಲ್ಲಿ ಹೂತಿಟ್ಟದ್ದನ್ನು ತೆಗೆಯಲು ಮಾತ್ರ ತಲೆಮಾರುಗಳೇ ಬೇಕು. ಯುದ್ಧಕಾಲದ ಅವಸರ ಎಂದು ಸ್ವಲ್ಪ ಒಪ್ಪಬಹುದು. ಆದರೆ ಯುದ್ಧ ಮುಗಿದ ಮೇಲೂ ಹಾಗೇ ಸುರಿದರಲ್ಲ, ಅದಕ್ಕೆ ಏನು ಸಮಾಧಾನ? 1949ರ ಡಿಸೆಂಬರ್‌ನಲ್ಲಿ ಬೇಕೆಂದೇ ವಿಕಿರಣಶೀಲ ಅಯೋಡಿನ್ ಗಾಳಿಗೆ ಬಿಟ್ಟರು. ಅದಕ್ಕೆ 'ಗ್ರೀನ್ ರನ್' ಎಂಬ ಹೆಸರು. ಗಾಳಿ ಬೀಸಿದ ಕಡೆಯ ಹಳ್ಳಿಗಳ ಜನರಿಗೆ ಅದು ಗೊತ್ತಾಗಿದ್ದು 1986ರಲ್ಲಿ, ಹಳೆಯ ಕಡತಗಳು ಹೊರಬಂದಾಗ. ಅಷ್ಟರೊಳಗೆ ಆ ಅಯೋಡಿನ್ ಬಿದ್ದ ಹುಲ್ಲು ಮೇದ ಹಸುಗಳ ಹಾಲು ಕುಡಿದ ಮಕ್ಕಳು ದೊಡ್ಡವರಾಗಿದ್ದರು.

1989ರಲ್ಲಿ ಕೇಂದ್ರದ ಇಂಧನ ಇಲಾಖೆ, ಪರಿಸರ ಸಂಸ್ಥೆ ಮತ್ತು ವಾಷಿಂಗ್ಟನ್ ರಾಜ್ಯ ಮೂರೂ ಸೇರಿ ಒಪ್ಪಂದ ಮಾಡಿಕೊಂಡು ಸ್ವಚ್ಛತೆ ಶುರು ಮಾಡಿದವು. ರಾಜ್ಯ ಅವತ್ತಿನಿಂದ ಗಡುವಿನ ಬೆನ್ನು ಬಿಟ್ಟಿಲ್ಲ, ಕೋರ್ಟಿಗೂ ಹೋಗಿದೆ. ಹಾಗೆ ಹಠ ಹಿಡಿಯದಿದ್ದರೆ ಕೆಲಸ ಇಷ್ಟೂ ಆಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾವು ಹೋದ ವರ್ಷವೇ ಉಳಿದ ಕೆಲಸದ ಹೊಸ ಅಂದಾಜು ಬಂದಿತ್ತು: 323 ಬಿಲಿಯನ್‌ನಿಂದ 677 ಬಿಲಿಯನ್ ಡಾಲರ್.

ವಾಪಸ್ ಬರುವಾಗ ಅಣ್ಣ ಇನ್ನೊಂದು ಜಾಗ ತೋರಿಸಿದ. ಕಪ್ಪು ಕುಳಿಗಳು ಡಿಕ್ಕಿ ಹೊಡೆದಾಗ ಏಳುವ ಗುರುತ್ವದ ಅಲೆಗಳನ್ನು ಹಿಡಿದ ಲೈಗೋ ವೀಕ್ಷಣಾಲಯ ಇದೇ ಆವರಣದಲ್ಲಿದೆ. ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ಕೊಳವೆಗಳು. ಕಪ್ಪು ಕುಳಿಗಳು ಗಂಟೆಯಂತೆ ನಾದ ಹೊರಡಿಸುತ್ತವೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು. ಆ ಹೆಸರು ನೆನಪಾಗಿ ತುಂಬಾ ಖುಷಿಯಾಯಿತು.

ಅಲ್ಲಿಂದ ಬಂದ ಮೇಲೂ ಹ್ಯಾನ್‌ಫರ್ಡ್ ಸುದ್ದಿ ಓದುತ್ತಲೇ ಇದ್ದೇನೆ. 2021ರಲ್ಲಿ ಬಿ-109 ಎಂಬ ಟ್ಯಾಂಕ್ ಸೋರುತ್ತಿದೆ ಎಂದು ಇಲಾಖೆಯೇ ಹೇಳಿತು. ತ್ಯಾಜ್ಯವನ್ನು ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಜು ಮಾಡುವ ಪದಾರ್ಥಗಳ ಜೊತೆ ಕರಗಿಸಿ, ಉಕ್ಕಿನ ಡಬ್ಬಗಳಲ್ಲಿ ಗಟ್ಟಿಯಾಗಿಸುವ ಘಟಕವನ್ನು 2002ರಿಂದ ಕಟ್ಟುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಕೊನೆಗೂ ಅಲ್ಲಿ ತ್ಯಾಜ್ಯ ಗಾಜಾಗಲು ಶುರುವಾಯಿತು. ಓದಿ ಅಣ್ಣನಿಗೆ ಫೋನ್ ಮಾಡಿದೆ. ಆದರೆ ಅದು ಕಡಿಮೆ ವಿಕಿರಣದ ಭಾಗ ಮಾತ್ರ. ತೀವ್ರ ವಿಕಿರಣದ ಭಾಗಕ್ಕೆ ಬೇಕಾದ ಘಟಕ ಇನ್ನೂ ಮುಗಿದಿಲ್ಲ.

ನೀವು ಹೋಗುವುದಾದರೆ ಮೊದಲೇ ಬುಕ್ ಮಾಡಿ. ದುರಸ್ತಿಗೆಂದು ಬಿ ರಿಯಾಕ್ಟರ್ ಟೂರ್ ನಿಲ್ಲಿಸುವುದುಂಟು, ವಿಚಾರಿಸಿಕೊಂಡು ಹೊರಡಿ. ಹಳೆಯ ಊರುಗಳನ್ನು ತೋರಿಸುವ ಟೂರ್ ಬೇರೆ ಇದೆ, ಅದನ್ನು ಬಿಡಬೇಡಿ. ರಿಯಾಕ್ಟರ್ ಬಗ್ಗೆ ಗೈಡ್ ತಾನಾಗಿಯೇ ಬೇಕಾದಷ್ಟು ಹೇಳುತ್ತಾರೆ. ಟ್ಯಾಂಕುಗಳ ಬಗ್ಗೆ, ವನಪಮ್ ಜನರ ಬಗ್ಗೆ ನೀವಾಗಿ ಕೇಳಿ.