ಓಡಿಬಿಡಬಾರದೇ ಎಂದು ಕೇಳುವವರಿಗೆ

ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ಮೈದಾನವೊಂದರಲ್ಲಿ ನಾನು ಸುತ್ತು ಹಾಕುತ್ತಿರುತ್ತೇನೆ. ಸೊಂಟ ಎಡಬಲಕ್ಕೆ ತಿರುಗುತ್ತಿರುತ್ತದೆ, ಮೊಣಕೈ ಮಡಚಿ ತೋಳು ಬೀಸುತ್ತಿರುತ್ತೇನೆ, ಕಾಲು ಮಾತ್ರ ಕೋಲಿನಂತೆ ನೇರ. ವಾಯುವಿಹಾರಕ್ಕೆ ಬಂದವರು ಎರಡು ದಿನ ಸುಮ್ಮನೆ ನೋಡುತ್ತಾರೆ. ಮೂರನೆಯ ದಿನ ಕೇಳಿಯೇ ಬಿಡುತ್ತಾರೆ: “ಇಷ್ಟು ಜೋರಾಗಿ ನಡೆಯುವ ಬದಲು ಓಡಿಬಿಡಬಾರದೇ?”

ಕಾಲೇಜಿನ ದಿನಗಳಿಂದಲೂ ಕೇಳುತ್ತಾ ಬಂದಿರುವ ಪ್ರಶ್ನೆ ಇದು. ನನ್ನ ಉತ್ತರದಲ್ಲಿ ಯಾವಾಗಲೂ ಒಬ್ಬರ ಹೆಸರು ಬರುತ್ತದೆ: ಪೋಲೆಂಡಿನ ರಾಬರ್ಟ್ ಕೊಝೆನಿಯೋವ್ಸ್ಕಿ. ನಡಿಗೆ ಸ್ಪರ್ಧೆಯಲ್ಲಿ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು. ಆದರೆ ಅವರ ಕಥೆಯನ್ನು ನಾನು ಚಿನ್ನದಿಂದ ಶುರು ಮಾಡುವುದಿಲ್ಲ.

1992, ಬಾರ್ಸಿಲೋನಾ. 50 ಕಿಲೋಮೀಟರ್ ನಡಿಗೆ. ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಇನ್ನೂ ಮುಂದೆ ನಡೆದಷ್ಟು ದೂರ. ಇಪ್ಪತ್ತನಾಲ್ಕು ವರ್ಷದ ಕೊಝೆನಿಯೋವ್ಸ್ಕಿ ಎರಡನೆಯ ಸ್ಥಾನದಲ್ಲಿದ್ದರು. ಕ್ರೀಡಾಂಗಣದ ಬಾಗಿಲು ಎದುರಿಗೇ ಇತ್ತು, ಪದಕ ಕೈಗೆ ಬಂದಂತೆಯೇ ಇತ್ತು. ಆ ಬಾಗಿಲಲ್ಲೇ ಅವರನ್ನು ಅನರ್ಹಗೊಳಿಸಲಾಯಿತು. ಮೂರೂವರೆ ಗಂಟೆಗೂ ಹೆಚ್ಚು ಕಾಲ ನಡೆದ ಮನುಷ್ಯ ಫಲಿತಾಂಶದ ಪಟ್ಟಿಯಲ್ಲೇ ಇಲ್ಲ.

ಏಕೆ ಎನ್ನುವುದರಲ್ಲಿಯೇ ‘ಓಡಬಾರದೇ’ ಎಂಬ ಪ್ರಶ್ನೆಗೂ ಉತ್ತರವಿದೆ. ಈ ಸ್ಪರ್ಧೆಗೆ ಎರಡು ನಿಯಮಗಳು. ಒಂದು ಪಾದ ಸದಾ ನೆಲದ ಮೇಲಿರಬೇಕು, ಕನಿಷ್ಠ ಬರಿಗಣ್ಣಿಗೆ ಹಾಗೆ ಕಾಣಬೇಕು. ಮುಂದೆ ಇಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹ ಅದರ ಮೇಲೆ ನೇರ ಬರುವವರೆಗೆ ಮೊಣಕಾಲು ಮಡಚುವಂತಿಲ್ಲ. ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ಅನುಮಾನ ಬಂದರೆ ಹಳದಿ ಫಲಕ ತೋರಿಸಿ ಎಚ್ಚರಿಸುತ್ತಾರೆ, ತಪ್ಪು ಖಚಿತವಾದರೆ ಕೆಂಪು ಕಾರ್ಡ್ ಬರೆಯುತ್ತಾರೆ. ಕೊಝೆನಿಯೋವ್ಸ್ಕಿಯವರ ಕಾಲದಲ್ಲಿ ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಕೆಂಪು ಬಿದ್ದರೆ ಆಟ ಮುಗಿಯುತ್ತಿತ್ತು. ಕ್ಯಾಮೆರಾಗೆ ಇಲ್ಲಿ ಕೆಲಸವಿಲ್ಲ, ತೀರ್ಪು ಕೊಡುವುದು ಕಣ್ಣು. ವೇಗದ ನಡಿಗೆಯನ್ನು ನಿಧಾನಗತಿಯ ಚಿತ್ರದಲ್ಲಿ ನೋಡಿದರೆ ಎರಡೂ ಪಾದಗಳು ಕ್ಷಣದ ಸಣ್ಣ ಭಾಗವೊಂದರಲ್ಲಿ ಗಾಳಿಯಲ್ಲಿರುವುದು ಕಾಣುತ್ತದೆ. ನಿಯಮ ಅಷ್ಟನ್ನು ಕ್ಷಮಿಸುತ್ತದೆ. ಕಣ್ಣಿಗೆ ಬಿದ್ದದ್ದನ್ನು ಕ್ಷಮಿಸುವುದಿಲ್ಲ.

ಹೋದ ವರ್ಷ ಪದವಿ ಓದುವ ಹುಡುಗನೊಬ್ಬ ಇದೇ ಪ್ರಶ್ನೆ ಕೇಳಿದ. ಒಳ್ಳೆಯ ಓಟಗಾರ. ಮಾತು ಬೇಡ, ಒಂದು ಸುತ್ತು ನಡೆದು ನೋಡು ಎಂದೆ. ಹಿಮ್ಮಡಿ ಊರಿ, ಕಾಲ್ಬೆರಳುಗಳನ್ನು ಮೇಲೆತ್ತಿ, ಮೊದಲ ತಿರುವಿನವರೆಗೆ ಚೆನ್ನಾಗಿಯೇ ನಡೆದ. ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಮೊಣಕಾಲು ಅವನ ಮಾತು ಕೇಳದೆ ಮಡಚಿಕೊಂಡಿತು. ಗೆರೆ ಮುಟ್ಟಿದವನೇ ಕುಳಿತು, ಮೊಣಕಾಲಿನ ಕೆಳಗೆ ಎಲುಬಿನ ಪಕ್ಕದ ಸ್ನಾಯುವನ್ನು ಎರಡೂ ಹೆಬ್ಬೆರಳುಗಳಿಂದ ಒತ್ತತೊಡಗಿದ. ಓಟದಲ್ಲಿ ಅಷ್ಟಾಗಿ ದಣಿಯದ ಸ್ನಾಯು ಅದು. ನಡಿಗೆಯಲ್ಲಿ ಮೊದಲು ಉರಿಯುವುದೇ ಅದು.

ದಣಿದ ಕಾಲು ಓಡಲು ಹಾತೊರೆಯುತ್ತದೆ. ಓಟ ಅದಕ್ಕೆ ಸುಲಭದ ದಾರಿ. ಬಯಕೆ ಅತಿ ಹೆಚ್ಚಾಗಿರುವ ಕೊನೆಯ ಕಿಲೋಮೀಟರುಗಳಲ್ಲಿ ಅದನ್ನು ತಡೆದು, ಆದರೂ ವೇಗ ಬಿಡದೆ ಸಾಗುವುದೇ ಈ ಆಟ. ಕೊಝೆನಿಯೋವ್ಸ್ಕಿಯವರನ್ನು ನಾನು ಮೆಚ್ಚುವುದು ಇದಕ್ಕಾಗಿ. ಅವರು ಬಾರ್ಸಿಲೋನಾದ ಬಾಗಿಲಿನಿಂದ ಮನೆಗೆ ಹೋಗಿ ಬೇರೆ ಆಟ ಹುಡುಕಿಕೊಳ್ಳಲಿಲ್ಲ. ನಾಲ್ಕು ವರ್ಷಗಳ ನಂತರ ಅಟ್ಲಾಂಟಾದಲ್ಲಿ ಅದೇ 50 ಕಿಲೋಮೀಟರ್ ನಡೆದು ಚಿನ್ನ ಗೆದ್ದರು.

ಆಮೇಲೆ 2000ದ ಸಿಡ್ನಿ. 20 ಕಿಲೋಮೀಟರ್ ಸ್ಪರ್ಧೆಯಲ್ಲಿ ಮೊದಲು ಗೆರೆ ದಾಟಿದ್ದು ಮೆಕ್ಸಿಕೋದ ಬರ್ನಾರ್ಡೊ ಸೆಗುರಾ. ಅವರು ಸಂಭ್ರಮಿಸಿದರು, ತಮ್ಮ ದೇಶದ ಅಧ್ಯಕ್ಷರೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದರು. ಆಗ ಅಧಿಕಾರಿಯೊಬ್ಬರು ಬಂದು ಕೆಂಪು ತೋರಿಸಿದರು. ಎರಡನೆಯವರಾಗಿ ಬಂದಿದ್ದ ಕೊಝೆನಿಯೋವ್ಸ್ಕಿಗೆ 1 ಗಂಟೆ 18 ನಿಮಿಷ 59 ಸೆಕೆಂಡಿಗೆ ಚಿನ್ನ ಸಿಕ್ಕಿತು. ಇದನ್ನು ‘ಪುಕ್ಕಟೆ ಚಿನ್ನ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ಕಡಿಮೆ ಸಮಯದಂತೆ ಇಪ್ಪತ್ತು ಕಿಲೋಮೀಟರ್ ನಡೆದೂ ನಿಯಮ ಮುರಿಯದೆ ಉಳಿದದ್ದಕ್ಕೆ ಸಿಕ್ಕ ಪದಕ ಅದು. ಏಳು ದಿನಗಳ ನಂತರ 50 ಕಿಲೋಮೀಟರನ್ನೂ ಗೆದ್ದರು. ಒಂದೇ ಒಲಿಂಪಿಕ್ಸ್‌ನಲ್ಲಿ ಆ ಎರಡನ್ನೂ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಆದರೂ ಸಿಡ್ನಿ ಎಂದರೆ ನನಗೆ ನೆನಪಾಗುವ ಮುಖ ಇನ್ನೊಬ್ಬರದು. ಆಸ್ಟ್ರೇಲಿಯಾದ ಜೇನ್ ಸ್ಯಾವಿಲ್, ಅದೇ ಊರಿನವರು, ಮಹಿಳೆಯರ 20 ಕಿಲೋಮೀಟರ್‌ನಲ್ಲಿ ಎಲ್ಲರಿಗಿಂತ ಮುಂದೆ ಕ್ರೀಡಾಂಗಣದ ಸುರಂಗದ ಬಾಯಿಗೆ ಬಂದಿದ್ದರು. ಒಳಗೆ ತಮ್ಮವರೇ ತುಂಬಿದ ಕ್ರೀಡಾಂಗಣ. ಕೆಂಪು ಬಂತು. ಅವರು ಅಲ್ಲೇ ಅಳುತ್ತಾ ನಿಂತದ್ದನ್ನು ಜಗತ್ತು ನೋಡಿತು. ನಾಲ್ಕು ವರ್ಷ ಬಿಟ್ಟು ಅಥೆನ್ಸ್‌ಗೆ ಬಂದು ಕಂಚು ಗೆದ್ದರು. ಆ ಕಂಚಿನ ಮುಂದೆ ನನಗೆ ಎಷ್ಟೋ ಚಿನ್ನಗಳು ಸಣ್ಣವು.

ಕೊಝೆನಿಯೋವ್ಸ್ಕಿ 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 50 ಕಿಲೋಮೀಟರನ್ನು 3 ಗಂಟೆ 36 ನಿಮಿಷ 3 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಮರುವರ್ಷ ಅಥೆನ್ಸ್‌ನ ಬಿಸಿಲಿನಲ್ಲಿ, 36ರ ವಯಸ್ಸಿನಲ್ಲಿ, ನಾಲ್ಕನೆಯ ಚಿನ್ನ. 50 ಕಿಲೋಮೀಟರ್‌ನಲ್ಲಿ ಸತತ ಮೂರನೆಯದು. ಅಲ್ಲಿಗೆ ಸ್ಪರ್ಧೆ ಸಾಕೆಂದರು.

ನಮ್ಮ ದೇಶದಲ್ಲಿಯೂ ಈ ಹಾದಿ ಹಿಡಿದವರಿದ್ದಾರೆ. ಕೇರಳದ ಕೆ.ಟಿ. ಇರ್ಫಾನ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 20 ಕಿಲೋಮೀಟರ್ ನಡೆದು ಹತ್ತನೆಯವರಾದರು. ಉತ್ತರ ಪ್ರದೇಶದ ಪ್ರಿಯಾಂಕಾ ಗೋಸ್ವಾಮಿ 2022ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದರು. ಅವರ ಹೆಸರು ಹೇಳಿದರೆ ಮೈದಾನದಲ್ಲಿ ಗುರುತಿಸುವವರು ಕಡಿಮೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನೊಂದು ನೋವೂ ಇದೆ. 50 ಕಿಲೋಮೀಟರ್ ನಡಿಗೆ ಈಗ ಒಲಿಂಪಿಕ್ಸ್‌ನಲ್ಲಿ ಇಲ್ಲ. 1932ರಲ್ಲಿ ಸೇರಿದ್ದ ಸ್ಪರ್ಧೆ ಅದು. ಮಹಿಳೆಯರಿಗೆ ಅಲ್ಲಿ ಎಂದೂ ಅವಕಾಶ ಕೊಡಲಿಲ್ಲ. ಕೊಡುವ ಬದಲು ಸ್ಪರ್ಧೆಯನ್ನೇ ತೆಗೆದರು. ಕೊನೆಯ ಬಾರಿ ಅದು ನಡೆದದ್ದು 2021ರ ಆಗಸ್ಟ್‌ನಲ್ಲಿ, ಟೋಕಿಯೊ ಕೂಟದ ಅಂಗವಾಗಿ ಸಪ್ಪೊರೊ ನಗರದಲ್ಲಿ. ಬೆಳಗಿನ ಜಾವ ಎದ್ದು ಕುಳಿತು ಕಾದೆ. ಮೊದಲು ಗೆರೆ ದಾಟಿದವರು ದಾವಿದ್ ತೊಮಾಲಾ. ಅವರೂ ಪೋಲೆಂಡಿನವರು.