ಬಸಳೆ ಚಪ್ಪರದಂಥ ಬೈಕು

ಕಳೆದ ಡಿಸೆಂಬರಿನಲ್ಲಿ ನಮ್ಮ ಭಾವ ಬೆಂಗಳೂರಿನಿಂದ ತಮ್ಮ ಇಟಲಿಯ ಡುಕಾಟಿ ಕಂಪನಿಯ ಮಾನ್‌ಸ್ಟರ್ 797 ಬೈಕಿನಲ್ಲೇ ಕಾಸರಗೋಡಿನ ಬದಿಯಡ್ಕದ ಮನೆಗೆ ಬಂದಿದ್ದರು. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ಬಳಸಿ ತಂದು ನಿಲ್ಲಿಸಿದ ಆ ಕೆಂಪು ಬೈಕಿಗೆ ಒಂದು ಸುತ್ತು ಬಂದ ಅಮ್ಮ, "ಇದೆಂಥದು, ಬಸಳೆ ಚಪ್ಪರದ ಹಾಗೆ ಎಲುಬೆಲ್ಲ ಕಾಣುತ್ತದಲ್ಲ!" ಎಂದರು.

ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಅರ್ಜೆಂಟೀನಾ ಮೂಲದ ವಿನ್ಯಾಸಕಾರ ಮಿಗೆಲ್ ಗಲ್ಲೂಝಿ, ಡುಕಾಟಿಯದೇ ಸೂಪರ್‌ಬೈಕಿನಿಂದ ಕೊಳವೆಗಳ ಚೌಕಟ್ಟನ್ನೂ ಅದೇ ಕಂಪನಿಯ ಇನ್ನೊಂದು ಬೈಕಾದ 900 ಎಸ್‌ಎಸ್‌ನಿಂದ ಎಂಜಿನ್ನನ್ನೂ ತೆಗೆದುಕೊಂಡು, ಮೇಲ್ಹೊದಿಕೆಯನ್ನು ಕೈಬಿಟ್ಟು ರೂಪಿಸಿದ ಮೊದಲ ಮಾನ್‌ಸ್ಟರ್ 1992ರಲ್ಲಿ ಜರ್ಮನಿಯ ಕಲೋನ್ ಬೈಕು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಭಾರ ಹೊತ್ತು ನಿಲ್ಲುವ ಭಾಗವನ್ನೇ ಅಲಂಕಾರವಾಗಿಸಿದ್ದು ಅವನ ಜಾಣ್ಮೆ.

ಮರುದಿನ ಬೆಳಿಗ್ಗೆ ಬೇಕಲದವರೆಗೆ ಓಡಿಸಲು ಭಾವ ಕೀಲಿ ಕೊಟ್ಟರು. ನೆಲ್ಲಿಕಟ್ಟೆ, ಎಡನೀರು ದಾಟಿ ಚೆರ್ಕಳಕ್ಕೆ ಹೋಗುವ ತಿರುವುಗಳಲ್ಲಿ ಅದರ ಗುಣ ತಿಳಿಯಿತು. 803 ಸಿಸಿಯ ಎಂಜಿನ್ನಿನ ಎರಡು ಸಿಲಿಂಡರುಗಳು 90 ಡಿಗ್ರಿ ಕೋನದಲ್ಲಿ ಕುಳಿತಿವೆ. 5,750 ಆರ್‌ಪಿಎಮ್‌ನಲ್ಲಿ 67 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುವ ಈ ಎಂಜಿನ್, ಮೂರನೇ ಗೇರಿನಲ್ಲಿಯೇ ತಿರುವಿನಿಂದ ತಿರುವಿಗೆ ನಮ್ಮನ್ನು ಎಳೆದುಕೊಂಡು ಹೋಯಿತು. ತೀರ ನಿಧಾನಕ್ಕೆ ಇಳಿಸಿದರೆ ಮಾತ್ರ ಜಗ್ಗಾಡುತ್ತದೆ. ಸಿಲಿಂಡರಿನ ಬಾಗಿಲುಗಳಂತಿರುವ ವಾಲ್ವುಗಳನ್ನು ಇದರಲ್ಲಿ ತೆರೆಯುವುದು ರಾಕರ್ ಎಂಬ ಪುಟ್ಟ ಸನ್ನೆ; ಮುಚ್ಚುವುದು ಬೇರೆ ಎಂಜಿನ್ನುಗಳಂತೆ ಸ್ಪ್ರಿಂಗ್ ಅಲ್ಲ, ಇನ್ನೊಂದು ರಾಕರ್. ಎಂಜಿನಿಯರ್ ಫಾಬಿಯೊ ತಾಲಿಯೋನಿ 1956ರಲ್ಲಿ ರೇಸಿಗೆಂದು ಡುಕಾಟಿಗೆ ತಂದ ಕ್ರಮವಿದು. ಇಷ್ಟು ವೇಗದ ಎಂಜಿನ್ನಿಗೆ ಸ್ಪ್ರಿಂಗೇ ಸಾಕಿತ್ತೆಂದು ನನ್ನ ಲೆಕ್ಕ. ಆದರೂ ಮನೆತನದ ಪದ್ಧತಿಯನ್ನು ಬಿಡಲು ಈ ಬೈಕು ಮಾಡುವಾಗ ಡುಕಾಟಿಯವರಿಗೆ ಮನಸ್ಸಿರಲಿಲ್ಲ.

ಮರಳುವಾಗ ಹೆದ್ದಾರಿ ಕಾಮಗಾರಿಯ ಸಾಲಿನಲ್ಲಿ ಸಿಕ್ಕಿಬಿದ್ದೆವು. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ನಿಂತಲ್ಲಿ ಗಾಳಿಯೆಲ್ಲಿಂದ ಬರಬೇಕು? ಹಿಂದಿನ ಸಿಲಿಂಡರಿನ ಕಾವು ತೊಡೆಗೆ ತಾಗಿ, ಪಕ್ಕದಲ್ಲಿ ಸಲೀಸಾಗಿ ನುಸುಳಿಹೋಗುತ್ತಿದ್ದ ಸ್ಕೂಟರುಗಳನ್ನು ಕಂಡು ನನಗೆ ಅಸೂಯೆಯಾಯಿತು.

ಮನೆಯಲ್ಲಿ ಕಾಫಿ ಕುಡಿಯುತ್ತ ಭಾವ, 2021ರ ಮಾನ್‌ಸ್ಟರಿನಲ್ಲಿ ಕೊಳವೆಗಳ ಚೌಕಟ್ಟನ್ನೇ ತೆಗೆದು ಎಂಜಿನ್ನಿಗೆ ಅಲ್ಯೂಮಿನಿಯಂ ತುಂಡೊಂದನ್ನು ಜೋಡಿಸಿದ್ದಾರೆ, ತೂಕ ಬಹಳ ಇಳಿದಿದೆ ಎಂದು ಹೊಗಳಿದರು. ಹಗುರವಾದದ್ದನ್ನು ನಾನೂ ಒಪ್ಪಿದೆ. ಅಮ್ಮ ಮಾತ್ರ, "ಚಪ್ಪರ ತೆಗೆದ ಮೇಲೆ ನೋಡುವುದಕ್ಕೆ ಎಂಥ ಉಳಿಯಿತು ಭಾವಾ?" ಎಂದು ನನ್ನ ದನಿಯನ್ನೇ ಅಣಕಿಸಿ, ಅಡಿಕೆ ತಿರುವಿಹಾಕಲು ಅಂಗಳಕ್ಕಿಳಿದರು.